ಗಾಳಿಗೆ ಒಪ್ಪುವ ಕಾರು, ಮಂಡಿಗೆ ಒಪ್ಪುವ ಕಾರು

ಕಳೆದ ಭಾನುವಾರ ಗೆಳೆಯನೊಬ್ಬ ಕಾರು ನೋಡಲು ಹೊರಟವನು ನನ್ನನ್ನೂ ತನ್ನ ತಾಯಿಯನ್ನೂ ಕರೆದುಕೊಂಡು ಹೋದ. ಅಮ್ಮನಿಗೆ ಎಪ್ಪತ್ತಾರು ವರ್ಷ, ಮಂಡಿನೋವು ಹಳೆಯದು. ಶೋರೂಮಿನಲ್ಲಿ ಎರಡು ಎಲೆಕ್ಟ್ರಿಕ್ ಕಾರು ಅಕ್ಕಪಕ್ಕದಲ್ಲೇ ನಿಂತಿದ್ದವು: ತಗ್ಗಿ ನಿಂತ ಬಿವೈಡಿ ಸೀಲ್, ಎತ್ತರದ ಬಿವೈಡಿ ಸೀಲಯನ್ 7. ಗೆಳೆಯನ ಕಣ್ಣು ಸೀಲ್ ಮೇಲಿಂದ ಕದಲಲಿಲ್ಲ. ಅಮ್ಮ ಅದರ ಹಿಂದಿನ ಬಾಗಿಲು ತೆಗೆಸಿ, ಬೆನ್ನು ತಿರುಗಿಸಿ, ಸೀಟಿನ ಮೇಲೆ ಕೈಯೂರಿ ಮೆಲ್ಲಗೆ ಕೂತರು. ಕೂರುವುದೇನೋ ಆಯಿತು, ಏಳುವಾಗ ಮಗನ ಕೈ ಬೇಕಾಯಿತು. ಸೀಲಯನ್‌ನಲ್ಲಿ ಅವರು ಬಗ್ಗಲೇ ಇಲ್ಲ, ಪಕ್ಕಕ್ಕೆ ಜರುಗಿ ಒಳಗೆ ಹೋದರು. ಇಳಿಯುವಾಗಲೂ ಹಾಗೆಯೇ. "ನಿಂಗೆ ಯಾವ್ದು ಇಷ್ಟಾನೋ ಅದನ್ನೇ ತಗೊಳ್ಳೋ ಮಗ, ನಾನು ವರ್ಷಕ್ಕೆ ನಾಲ್ಕು ಸಲ ಕೂರೋಳು" ಅಂದರು.

ಅಲ್ಲಿಂದ ಮನೆಗೆ ಬರುವ ದಾರಿಯುದ್ದಕ್ಕೂ ಗೆಳೆಯ ಮಾತಾಡಲಿಲ್ಲ. ಅವನ ಗೊಂದಲಕ್ಕೆ ಕಾರಣವಿದೆ. ಐವತ್ತು ಲಕ್ಷದ ಆಸುಪಾಸಿನಲ್ಲಿ ಎಲೆಕ್ಟ್ರಿಕ್ ಕಾರು ಹುಡುಕುವ ಯಾರೇ ಆದರೂ ಈ ಕವಲಿಗೆ ಬಂದು ನಿಲ್ಲುತ್ತಾರೆ. ಒಂದು ಕಡೆ ಎಸ್‌ಯುವಿ. ಇನ್ನೊಂದು ಕಡೆ ಫಾಸ್ಟ್‌ಬ್ಯಾಕ್, ಅಂದರೆ ಚಾವಣಿಯ ಗೆರೆ ಎಲ್ಲೂ ಮುರಿಯದೆ ಹಿಂದಿನ ತುದಿಯವರೆಗೆ ಇಳಿಜಾರಾಗಿ ಹರಿಯುವ ಕಾರು.

ಈ ವಾರ ಸೀಲ್ ಮತ್ತು ಸೀಲಯನ್ ಜೋಡಿಯನ್ನೇ ಎದುರಿಗಿಟ್ಟುಕೊಂಡಿದ್ದೇನೆ. ಇಷ್ಟು ಶುದ್ಧವಾದ ಹೋಲಿಕೆ ಸುಲಭಕ್ಕೆ ಸಿಗುವುದಿಲ್ಲ. ತಯಾರಕರು ಒಬ್ಬರೇ. ಎರಡರಲ್ಲೂ ಅದೇ 82.56 ಯೂನಿಟ್ ಹಿಡಿಯುವ ಬ್ಲೇಡ್ ಬ್ಯಾಟರಿ, ಹಿಂದಿನ ಚಕ್ರಕ್ಕೆ ಸುಮಾರು 313 ಕುದುರೆಶಕ್ತಿಯ ಮೋಟಾರು. ಬದಲಾಗಿರುವುದು ಮುಖ್ಯವಾಗಿ ಮೈಕಟ್ಟು. ಸೀಲ್ 1,460 ಮಿ.ಮೀ. ಎತ್ತರ, ಸೀಲಯನ್ 1,620. ಅಗಲದಲ್ಲಿ ಸೀಲಯನ್ 5 ಸೆಂ.ಮೀ. ಹೆಚ್ಚು, ತೂಕದಲ್ಲಿ ಸುಮಾರು 170 ಕೆ.ಜಿ. ಹೆಚ್ಚು. ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಒಂದೇ ಚಾರ್ಜಿಗೆ ಸೀಲ್ 570 ಕಿ.ಮೀ. ಓಡಿದರೆ ಸೀಲಯನ್ 482 ಓಡುತ್ತದೆ. ಭಾರತದಲ್ಲಿ ಕಂಪನಿ ಹೇಳುವ ಅಂಕಿ 650 ಮತ್ತು 567. ಇವು ಸಡಿಲ ಪರೀಕ್ಷೆಯ ಅಂಕಿಗಳು, ನಮ್ಮ ರಸ್ತೆಯಲ್ಲಿ ಎರಡೂ ಇನ್ನಷ್ಟು ಇಳಿಯುತ್ತವೆ. ಆದರೆ ಯಾವ ಅಳತೆ ಹಿಡಿದರೂ ಅಂತರ ಮಾತ್ರ ಎಂಬತ್ತು ಚಿಲ್ಲರೆ ಕಿಲೋಮೀಟರಿಗೇ ಬಂದು ನಿಲ್ಲುತ್ತದೆ. ಬೆಂಗಳೂರಿನಿಂದ ಮದ್ದೂರಿಗೆ ಇರುವಷ್ಟು ದೂರ ಅದು. ಬಹುಪಾಲು ಮೈಯ ಆಕಾರಕ್ಕೇ ಅಷ್ಟು ದಾರಿ ಹೋಗುತ್ತದೆ.

ಪೆಟ್ರೋಲ್ ಕಾರಿನಲ್ಲಿ ಈ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. ಏಕೆಂದು ತಿಳಿದುಕೊಂಡರೆ ಆಯ್ಕೆ ಅರ್ಧ ಹಗುರಾಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ಹಾಗೆ ನೋಡಿದರೆ ಸೀಲ್‌ನ ಅಷ್ಟು ದೊಡ್ಡ ಬ್ಯಾಟರಿ ಹೊತ್ತಿರುವುದು ಒಂಬತ್ತು ಲೀಟರ್ ಪೆಟ್ರೋಲಿನಷ್ಟೇ ಶಕ್ತಿಯನ್ನು. ಪೆಟ್ರೋಲ್ ಎಂಜಿನ್ ತಾನು ಕುಡಿದದ್ದರ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲಿಬಿಡುತ್ತದೆ; ಚಕ್ರಕ್ಕೆ ಮುಟ್ಟುವುದು ಕಾಲುಭಾಗ, ಹೆಚ್ಚೆಂದರೆ ಮೂರರಲ್ಲಿ ಒಂದು ಭಾಗ. ಅಷ್ಟು ಪೋಲಿನ ನಡುವೆ ಗಾಳಿ ತಿನ್ನುವ ಪಾಲು ಕಣ್ಣಿಗೆ ಬೀಳುತ್ತಿರಲಿಲ್ಲ. ಎಲೆಕ್ಟ್ರಿಕ್ ಮೋಟಾರು ಹತ್ತರಲ್ಲಿ ಒಂಬತ್ತು ಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಒಳಗಿನ ಪೋಲು ನಿಂತ ಮೇಲೆ ಉಳಿಯುವ ದೊಡ್ಡ ಖರ್ಚು ಹೊರಗಿನ ಗಾಳಿಯದೇ.

ಆ ಗಾಳಿ ವೇಗದ ವರ್ಗಕ್ಕೆ ತಕ್ಕಂತೆ ಎದುರು ನಿಲ್ಲುತ್ತದೆ. 50ರಿಂದ 100 ಕಿ.ಮೀ. ವೇಗಕ್ಕೆ ಹೋದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 80ರಿಂದ 100ಕ್ಕೆ ಏರಿಸಿದರೂ ಒಂದೂವರೆ ಪಟ್ಟಿಗಿಂತ ಹೆಚ್ಚು. ಗಾಳಿತಡೆಯ ಗುಣಾಂಕದಲ್ಲಿ ಸೀಲ್‌ನ ಅಂಕಿ 0.219. ಮಾರಾಟದಲ್ಲಿರುವ ಕಾರುಗಳಲ್ಲೇ ಇದು ಬಹಳ ಕಡಿಮೆ. ಇದೇ ದಾರಿಯ ಇನ್ನೊಂದು ಒಳ್ಳೆಯ ಕಾರು ಬಿಎಂಡಬ್ಲ್ಯು ಐ4, ಅದರ ಅಂಕಿ 0.24. ಈ ಗುಣಾಂಕವನ್ನು ಕಾರಿನ ಎದುರುಮೈಯ ವಿಸ್ತಾರದಿಂದ ಗುಣಿಸಬೇಕು. ಎಸ್‌ಯುವಿಯ ಮೂಗನ್ನು ಎಷ್ಟೇ ನಯವಾಗಿ ತೀಡಲಿ, ಎತ್ತರ ಅಗಲ ಸೇರಿ ಎದುರುಮೈ ದೊಡ್ಡದಾಗಿರುವುದರಿಂದ ಅದು ಹೆಚ್ಚು ಗಾಳಿಯನ್ನು ನೂಕಲೇಬೇಕು.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ನಿಮ್ಮ ಕಿಲೋಮೀಟರುಗಳು ಯಾವ ವೇಗದಲ್ಲಿ ಕಳೆಯುತ್ತವೆ ಎಂಬುದನ್ನು. ಸಿಲ್ಕ್ ಬೋರ್ಡಿನ ಸಾಲಿನಲ್ಲಿ ನಿಂತ ಕಾರಿಗೆ ಯಾವ ಆಕಾರವಾದರೂ ಒಂದೇ. ಮೈಸೂರು ಹೆದ್ದಾರಿಯಲ್ಲಿ 100ರ ಮಿತಿಯೊಳಗೆ ಒಂದೇ ಹದದಲ್ಲಿ ಹೋಗುವವರಿಗೆ, ತಿಂಗಳಿಗೆರಡು ಸಲ ಹುಬ್ಬಳ್ಳಿಗೋ ಮಂಗಳೂರಿಗೋ ಓಡುವವರಿಗೆ ಆಕಾರವೇ ಮುಖ್ಯ.

ಘಾಟಿಯ ವಿಷಯದಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಎಸ್‌ಯುವಿ ಭಾರ, ಆದ್ದರಿಂದ ಘಾಟಿ ಹತ್ತುವಾಗ ಬ್ಯಾಟರಿ ಬರಿದಾಗುತ್ತದೆ ಎಂಬ ಹೆದರಿಕೆ. ಲೆಕ್ಕ ಹಾಕಿ ನೋಡೋಣ. ಮಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 950 ಮೀಟರ್ ಏರು. ಜನ, ಸಾಮಾನು ಸೇರಿ 2,400 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವುದು ಸುಮಾರು 6 ಯೂನಿಟ್. ಸೀಲಯನ್‌ನ ಹೆಚ್ಚುವರಿ 170 ಕೆ.ಜಿ.ಗೆ ಅರ್ಧ ಯೂನಿಟ್ ಕೂಡ ಬೇಕಿಲ್ಲ. ಇಳಿಯುವಾಗ ಮೋಟಾರೇ ಬ್ರೇಕಾಗಿ ಅದರ ಒಂದು ದೊಡ್ಡ ಪಾಲನ್ನು ಬ್ಯಾಟರಿಗೆ ತಿರುಗಿ ಕೊಡುತ್ತದೆ. ತೂಕಕ್ಕೆ ಕೊಟ್ಟದ್ದು ಹೀಗೆ ಅಷ್ಟಿಷ್ಟು ಮರಳಿ ಬರುತ್ತದೆ. ಗಾಳಿಗೆ ಕೊಟ್ಟದ್ದು ಬರುವುದಿಲ್ಲ. (ಮೋಟಾರಿನ ಈ ಬ್ರೇಕನ್ನು ಘಾಟಿಯಲ್ಲಿ ಕಡಿಮೆ ಹದದಲ್ಲಿಟ್ಟುಕೊಳ್ಳಿ. ಪೆಡಲ್‌ನಿಂದ ಕಾಲು ತೆಗೆದಾಗಲೆಲ್ಲ ಕಾರು ಹಿಡಿದೆಳೆದಂತಾದರೆ ಹಿಂದೆ ಕೂತ ಮಕ್ಕಳಿಗೆ ಮೊದಲ ನಾಲ್ಕು ತಿರುವಿನಲ್ಲೇ ಹೊಟ್ಟೆ ತೊಳಸುತ್ತದೆ.)

ಫಾಸ್ಟ್‌ಬ್ಯಾಕ್ ನಮಗೆ ಹೊಸದೇನಲ್ಲ. 1976ರಲ್ಲಿ ಇಂಗ್ಲೆಂಡಿನಲ್ಲಿ ಬಂದ ರೋವರ್ ಎಸ್‌ಡಿ1, 1977ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡ ಚೆಲುವೆ. ಅದರ ಮೈಯೇ 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂಬ ಹೆಸರಿನಲ್ಲಿ ಮದ್ರಾಸಿನಿಂದ ಹೊರಬಂತು. ನಮ್ಮ ರಸ್ತೆಗೆಂದು ಅದನ್ನು ನೆಲದಿಂದ ಎತ್ತರಿಸಿದ್ದರು. ಒಳಗಿಟ್ಟದ್ದು ಮಾತ್ರ ಹಳೆಯ ವ್ಯಾನ್‌ಗಾರ್ಡ್ ಕಾರಿನ ಕಾಲದ ಎಂಜಿನ್. ನೋಡಲು ಚಿರತೆಯಂತಿದ್ದ ಕಾರಿಗೆ ಓಡುವ ಕಸುವಿರಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಅದರ ಕಥೆ ಮುಗಿಯಿತು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಡಾಕ್ಟರೊಬ್ಬರ ಮನೆ ಮುಂದೆ ಅದು ನಿಂತಿರುತ್ತಿತ್ತು. ಶಾಲೆಯಿಂದ ಬರುವಾಗ ಅದರ ಇಳಿಜಾರು ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸದೆ ನಾನು ಮುಂದೆ ಹೋದದ್ದಿಲ್ಲ. ಆ ಮೈಗೆ ತಕ್ಕ ಎಂಜಿನ್ ಇದ್ದಿದ್ದರೆ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಈಗಿನ ಎಲೆಕ್ಟ್ರಿಕ್ ಫಾಸ್ಟ್‌ಬ್ಯಾಕಿನಲ್ಲಿ ಆ ಕೊರತೆ ಇಲ್ಲ. ಸೀಲ್ 100 ಕಿ.ಮೀ. ವೇಗ ಮುಟ್ಟಲು 5.9 ಸೆಕೆಂಡ್ ಸಾಕು, ಸೀಲಯನ್‌ಗೆ 6.7.

ಆದರೂ ನಮ್ಮ ಊರುಗಳಲ್ಲಿ ತಗ್ಗು ಕಾರಿನ ಭವಿಷ್ಯ ತೀರ್ಮಾನವಾಗುವುದು ರಸ್ತೆಯ ಹಂಪಿನ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ ಇರಬೇಕು; ಅದರ ಬಾಗು 17 ಮೀಟರ್ ತ್ರಿಜ್ಯದ ವೃತ್ತದ್ದು. ಐ4ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2,856 ಮಿ.ಮೀ. ಅಂತರ, ಹೊಟ್ಟೆ ನೆಲದಿಂದ 125 ಮಿ.ಮೀ. ಮೇಲೆ. ಇಂಥ ಹಂಪಿನ ನೆತ್ತಿಯಲ್ಲಿ ಕಾರು ನಿಂತಾಗ ಹಂಪಿನ ಉಬ್ಬು ಹೊಟ್ಟೆಯ ಕಡೆಗೆ ಬರುವುದು ಸುಮಾರು 6 ಸೆಂ.ಮೀ. ಮಾತ್ರ. ಇನ್ನೂ ಆರು ಸೆಂ.ಮೀ. ಜಾಗ ಉಳಿಯುತ್ತದೆ. ಈ ಅಳತೆಯಂತೆ ಕಟ್ಟಿದ ಹಂಪ್ ಇಷ್ಟು ತಗ್ಗಿದ ಫಾಸ್ಟ್‌ಬ್ಯಾಕನ್ನೂ ಮುಟ್ಟುವುದಿಲ್ಲ ಎಂದಾಯಿತು.

ತೊಂದರೆ ಕೊಡುವುದು ಆ ಅಳತೆ ನೋಡದೆ ಕಟ್ಟಿದ ಹಂಪ್. ಊರಿನ ಮುಂದೆ ಅಪಘಾತವಾದ ಮರುದಿನ ಜನ ನೊಂದು ಕಟ್ಟಿಕೊಂಡ ದಿಬ್ಬ, ಒಂದು ಹೆಜ್ಜೆ ಅಗಲ, ಒಂದು ಗೇಣು ಎತ್ತರ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅಂಥದೊಂದರ ಮೇಲೆ, ಐದು ಜನ ಕೂತಿದ್ದ ತಗ್ಗು ಕಾರಿನ ಹೊಟ್ಟೆ ಉಜ್ಜಿದ ಸದ್ದನ್ನು ನಾನು ಕೇಳಿದ್ದೇನೆ. ಹಳೆಯ ಕಾರಿನಲ್ಲಿ ತಗುಲುವುದು ಎಂಜಿನ್ ಕೆಳಗಿನ ಗಾರ್ಡಿಗೆ. ಎಲೆಕ್ಟ್ರಿಕ್ ಕಾರಿನಲ್ಲಿ ಅಲ್ಲಿರುವುದು ಬ್ಯಾಟರಿಯ ಪೆಟ್ಟಿಗೆ. ಸೀಲ್‌ನಲ್ಲಂತೂ ಬ್ಯಾಟರಿಯ ಮೇಲ್ಮುಚ್ಚಳವೇ ಕಾರಿನ ನೆಲ. ಪೆಟ್ಟು ತಡೆಯಲು ಗಟ್ಟಿ ತಗಡು ಇದೆ, ನಿಜ. ಆದರೂ ಇಡೀ ಕಾರಿನಲ್ಲಿ ಅತಿ ದುಬಾರಿ ಭಾಗ ಅದು. ತಗ್ಗು ಕಾರು ಕೊಳ್ಳುವವರು ವಿಮೆಯ ಕಾಗದದಲ್ಲಿ ತಳಭಾಗಕ್ಕೆ ಬೀಳುವ ಪೆಟ್ಟಿಗೆ ರಕ್ಷಣೆ ಇದೆಯೇ ಎಂದು ಸಹಿಗೆ ಮೊದಲು ಓದಲೇಬೇಕು. ನಿಮ್ಮ ತೋಟದ ಮನೆಗೆ ಕೊನೆಯ ಎರಡು ಕಿಲೋಮೀಟರು ಮಣ್ಣುದಾರಿಯಾಗಿದ್ದು, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರದ ಹಳ್ಳ ಬಿದ್ದು ನಡುವೆ ದಿಬ್ಬ ಏಳುವುದಾದರೆ, ಇಲ್ಲಿಗೇ ಓದು ನಿಲ್ಲಿಸಿ ಎಸ್‌ಯುವಿ ತೆಗೆದುಕೊಳ್ಳಿ.

ಇನ್ನು ಹಿಂದಿನ ಸೀಟು. ಬ್ಯಾಟರಿ ನೆಲದಡಿಯಲ್ಲಿ ಹಾಸಿರುವುದರಿಂದ ಒಳಗಿನ ನೆಲ ಮೇಲೇರುತ್ತದೆ. ಎತ್ತರದ ಕಾರು ಸೀಟನ್ನೂ ಮೇಲೇರಿಸಿ ಅದನ್ನು ಸರಿದೂಗಿಸಬಲ್ಲದು. ತಗ್ಗು ಕಾರಿಗೆ ಚಾವಣಿ ಅಡ್ಡ. ಹಾಗಾಗಿ ಮಂಡಿ ಮೇಲಕ್ಕೆದ್ದು ತೊಡೆ ಸೀಟಿಗೆ ಪೂರ್ತಿ ತಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಇದು ಗೊತ್ತಾಗುವುದಿಲ್ಲ, ಮೂರು ಗಂಟೆಯಲ್ಲಿ ಸೊಂಟಕ್ಕೆ ಗೊತ್ತಾಗುತ್ತದೆ. ಪೋರ್ಷೆ ತನ್ನ ಟೈಕಾನ್‌ನಲ್ಲಿ ಹಿಂದೆ ಕೂತವರ ಕಾಲಿನ ಜಾಗದಲ್ಲಿ ಬ್ಯಾಟರಿಯನ್ನೇ ಇಡದೆ ಗುಳಿ ಬಿಟ್ಟಿರುವುದು ಇದೇ ಕಾರಣಕ್ಕೆ. ಸೀಲ್‌ನಲ್ಲಿ ಮಂಡಿಯ ಮುಂದೆ ಜಾಗ ಧಾರಾಳವಾಗಿದೆ, ತೊಡೆಯ ಕೆಳಗಿನ ಆಸರೆ ಸಾಲದು. ಐ4ರಲ್ಲಿ ಎರಡೂ ಕಡಿಮೆಯೇ. ಅದು ಮುಂದೆ ಕೂರುವ ಇಬ್ಬರ ಕಾರು.

ಡಿಕ್ಕಿಯ ವಿಷಯದಲ್ಲಿ ಲೀಟರ್ ಲೆಕ್ಕಕ್ಕಿಂತ ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಿ. ಸೀಲ್‌ನ ಬೆನ್ನು ಫಾಸ್ಟ್‌ಬ್ಯಾಕಿನದಾದರೂ ಡಿಕ್ಕಿಯ ಮುಚ್ಚಳ ಮಾಮೂಲಿ ಸೆಡಾನಿನದು, ಬಾಯಿ ಕಿರಿದು. ಐ4ರಲ್ಲಿ ಹಿಂದಿನ ಗಾಜೇ ಮುಚ್ಚಳದ ಜೊತೆ ಮೇಲೇಳುತ್ತದೆ. 470 ಲೀಟರಿನ ಜಾಗಕ್ಕೆ ಬಾಳೆಗೊನೆಯನ್ನೂ ಓರೆ ಮಾಡದೆ ಇಡಬಹುದು. ನಮ್ಮಲ್ಲಿ ಅದೇ ಬಗೆಯ ಮುಚ್ಚಳದ ಸ್ಕೋಡಾ ಆಕ್ಟೇವಿಯಾ ಇಟ್ಟುಕೊಂಡಿದ್ದವರಿಗೆ ಈ ಸುಖ ಚೆನ್ನಾಗಿ ಗೊತ್ತು. ಸೀಲಯನ್‌ನಲ್ಲಿ ಸುಮಾರು 500 ಲೀಟರ್, ಬಾಯಿಯೂ ದೊಡ್ಡದು.

ಎತ್ತರವೂ ಬೇಕು, ಇಳಿಜಾರೂ ಬೇಕು ಎನ್ನುವವರಿಗಾಗಿ ಕೂಪೆ ಎಸ್‌ಯುವಿಗಳು ಬಂದಿವೆ. ಟಾಟಾ ಕರ್ವ್, ಮಹೀಂದ್ರ ಎಕ್ಸ್‌ಇವಿ 9ಇ ಆ ಜಾತಿಯವು. ಸೀಲಯನ್‌ನ ಬೆನ್ನೂ ಸ್ವಲ್ಪ ಅದೇ ಕಡೆಗೆ ವಾಲಿದೆ. ಒಳ್ಳೆಯ ಗಾಡಿಗಳೇ. ಆದರೆ ಎದುರುಮೈ ಎಸ್‌ಯುವಿಯಷ್ಟೇ ದೊಡ್ಡದಾಗಿ ಉಳಿಯುವುದರಿಂದ ಗಾಳಿಯಲ್ಲಿ ಸಿಗುವ ಲಾಭ ಪೂರ್ತಿಯಲ್ಲ. ಹಿಂದಿನವರ ತಲೆಯ ಮೇಲಿನ ಜಾಗ ಮಾತ್ರ ಖಂಡಿತ ಕಡಿಮೆಯಾಗುತ್ತದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಬಿಡುಗಡೆಯಾದಾಗ ಈ ಬ್ಯಾಟರಿಯ ಸೀಲ್‌ಗೆ 45.55 ಲಕ್ಷ, ಸೀಲಯನ್‌ಗೆ 48.90 ಲಕ್ಷ ಎಕ್ಸ್ ಶೋರೂಂ ಬೆಲೆ ಇತ್ತು. ಕರ್ನಾಟಕದಲ್ಲಿ 2024ರ ತಿದ್ದುಪಡಿಯಂತೆ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10ರಷ್ಟು ಆಜೀವ ತೆರಿಗೆಯೂ ಸೇರುತ್ತದೆ. ಓಡಿಸುವ ಖರ್ಚಿನಲ್ಲಿ ಎರಡಕ್ಕೂ 100 ಕಿ.ಮೀ.ಗೆ ಎರಡೂವರೆ ಯೂನಿಟ್‌ನಷ್ಟು ವ್ಯತ್ಯಾಸ. ಮನೆಯ ಕರೆಂಟಿನಲ್ಲಿ ಅದು ಹೊರೆಯೇ ಅಲ್ಲ. ಫಾಸ್ಟ್‌ಬ್ಯಾಕ್ ಉಳಿಸುವುದು ದಾರಿಯಲ್ಲಿ ಚಾರ್ಜಿಗೆಂದು ನಿಲ್ಲುವ ಹೊತ್ತನ್ನು.

ಗೆಳೆಯನಿಗೆ ನಾನು ಸೀಲ್ ಹೇಳಿದೆ. ಅವನು ತಾನೇ ಓಡಿಸುವವನು, ತಿಂಗಳಿಗೆರಡು ಸಲ ಮೈಸೂರು ದಾಟಿ ಹೋಗುವವನು, ಮನೆಯ ಗೇಟಿನವರೆಗೆ ಕಾಂಕ್ರೀಟ್ ರಸ್ತೆ. ಕೈಗೆ ಹಗುರಾಗಿ ತಿರುಗುವ, ಗಾಳಿಯೊಡನೆ ಸೆಣಸದೆ ಸಾಗುವ ಕಾರಿನಲ್ಲಿ ದಿನದ ಎರಡು ಗಂಟೆ ಕಳೆಯುವುದು ಸಣ್ಣ ಸುಖವಲ್ಲ. ಅವನು ಮಂಗಳವಾರ ಫೋನ್ ಮಾಡಿದ. ಸೀಲಯನ್‌ಗೆ ಮುಂಗಡ ಕೊಟ್ಟು ಬಂದಿದ್ದಾನೆ. "ವರ್ಷಕ್ಕೆ ನಾಲ್ಕೇ ಸಲ ಯಾಕೆ ಕೂರ್ತಾಳೆ ಅಂತ ಯೋಚನೆ ಮಾಡ್ದೆ ಕಣೋ. ನಮ್ಮ ಈಗಿನ ಕಾರು ತಗ್ಗು" ಅಂದ.

ನನ್ನ ಸಲಹೆ ತಪ್ಪಾಗಿತ್ತು. ತಾವೇ ಓಡಿಸುವ ಒಬ್ಬರಿಗೋ ಇಬ್ಬರಿಗೋ ಫಾಸ್ಟ್‌ಬ್ಯಾಕೇ ಮೇಲು ಎಂದು ಈಗಲೂ ಹೇಳುತ್ತೇನೆ. ಆದರೆ ಟೆಸ್ಟ್ ಡ್ರೈವ್‌ಗೆ ಹೋಗುವಾಗ ದಯವಿಟ್ಟು ಒಬ್ಬರೇ ಹೋಗಬೇಡಿ. ಮನೆಯ ಹಿರಿಯರನ್ನು ಹಿಂದೆ ಕೂರಿಸಿಕೊಳ್ಳಿ, ಐದೂ ಸೀಟು ತುಂಬಿಸಿ, ಕಾರನ್ನು ನಿಮ್ಮ ಬೀದಿಯ ಹಂಪ್ ದಾಟಿಸಿ ನಿಮ್ಮ ಗೇಟಿನವರೆಗೂ ತನ್ನಿ. ಅವರು ಹೇಗೆ ಇಳಿಯುತ್ತಾರೆ ಎಂದು ನೋಡಿದ ಮೇಲೆ ಮುಂಗಡ ಕೊಡಿ.