ಬೆಳಕು ಕಂಡ ಮರುದಿನ

ನನ್ನ ಸೋದರಮಾವ ಕುಡಿತ ಬಿಟ್ಟು 11 ವರ್ಷವಾಯಿತು. ಪ್ರತಿ ವಾರ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆಗೆ ಹೋಗುತ್ತಾರೆ. ಕಳೆದ ತಿಂಗಳು ಯಾವುದೋ ವಿಡಿಯೋ ನೋಡಿ ನನಗೆ ಫೋನ್ ಮಾಡಿದ್ದರು. “ಅಣಬೆಯಿಂದ ಬರೋ ಔಷಧಿ ಕೊಟ್ಟು ಕುಡಿತ ಬಿಡಿಸ್ತಾರಂತೆ. ಮನಸ್ಸಿನ ಭಾರಾನೂ ಇಳಿಯುತ್ತಂತೆ. ನಾನು ಅದನ್ನ ತಗೊಂಡ್ರೆ ನನ್ನ ಹನ್ನೊಂದು ವರ್ಷ ಉಳಿಯುತ್ತೇನೇ?”

ನಾನು ಆತ್ಮಕಥೆಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು, ವೈದ್ಯೆಯಲ್ಲ. ಆದರೂ ಆ ಪ್ರಶ್ನೆ ಬಿಡಲಿಲ್ಲ. ಅದನ್ನು ಹಿಡಿದುಕೊಂಡೇ ಎರಡು ಪುಸ್ತಕಗಳನ್ನು ಮತ್ತೆ ಓದಿದೆ.

ಮೊದಲನೆಯದು ಮೈಕೆಲ್ ಪೋಲನ್ ಅವರ ‘ಹೌ ಟು ಚೇಂಜ್ ಯುವರ್ ಮೈಂಡ್’ (2018). ಎಲ್‌ಎಸ್‌ಡಿ, ಸಿಲೋಸೈಬಿನ್‌ನಂಥ ಸೈಕೆಡೆಲಿಕ್‌ಗಳ ಚರಿತ್ರೆ, ಪ್ರಯೋಗಾಲಯ, ಸ್ವಂತ ಅನುಭವ ಮೂರನ್ನೂ ಅದು ಚೆನ್ನಾಗಿ ಹೆಣೆಯುತ್ತದೆ. ಈ ವಿಷಯ ಸಾಮಾನ್ಯ ಓದುಗರ ಮಾತಿಗೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಪೋಲನ್ ಎಚ್ಚರಿಕೆಯ ಮಾತುಗಳನ್ನೂ ಹೇಳುತ್ತಾರೆ. ನನ್ನ ತಕರಾರು ಇರುವುದು ಕಥನದ ಬಗ್ಗೆ. ನಿರೂಪಕ ಇಲ್ಲಿ ಪ್ರವಾಸಿ. ಜೊತೆಗೆ ಮಾರ್ಗದರ್ಶಕರಿದ್ದಾರೆ, ಹಿಂತಿರುಗಲು ಮನೆಯಿದೆ, ಬರೆಯಲು ಪುಸ್ತಕವಿದೆ. ವ್ಯಸನ ಆತನ ಬದುಕಿನ ಪ್ರಶ್ನೆಯಲ್ಲ. ವ್ಯಸನಿಗಳು ಬರುವುದು ಚಿಕಿತ್ಸೆಯ ಅಧ್ಯಾಯದಲ್ಲಿ, ತಾವು ಕಂಡದ್ದನ್ನು ಹೇಳಲು. ಕಥನದ ಶಿಖರ ಆ ಕೆಲವು ಗಂಟೆಗಳ ದರ್ಶನ. ಮಾವನ ಪ್ರಶ್ನೆ ಇರುವುದು ಆಮೇಲಿನ ಮಂಗಳವಾರ, ಬುಧವಾರಗಳಲ್ಲಿ.

ವೈದ್ಯಕೀಯ ವರದಿಯೂ ಈ ಪ್ರಶ್ನೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಮೈಕೆಲ್ ಬೋಗೆನ್‌ಷುಟ್ಜ್ ಮತ್ತು ಸಂಗಡಿಗರ 2022ರ ಅಧ್ಯಯನದಲ್ಲಿ 93 ಜನರಿಗೆ ಆಪ್ತಚಿಕಿತ್ಸೆಯ ಜೊತೆಗೆ ಎರಡು ಬಾರಿ ಸಿಲೋಸೈಬಿನ್ ಅಥವಾ ಹೋಲಿಕೆಗಾಗಿ ಬೇರೊಂದು ಔಷಧ ಕೊಟ್ಟರು. ಮುಂದಿನ 32 ವಾರಗಳಲ್ಲಿ ವಿಪರೀತ ಕುಡಿದ ದಿನಗಳ ಪ್ರಮಾಣ ಸಿಲೋಸೈಬಿನ್ ಪಡೆದವರಲ್ಲಿ ಶೇ. 9.7, ಉಳಿದವರಲ್ಲಿ ಶೇ. 23.6. ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ತಮಗೆ ಸಿಕ್ಕಿದ್ದು ಯಾವುದೆಂದು ಬಹುಪಾಲು ಜನ ಸರಿಯಾಗಿ ಊಹಿಸಿದ್ದರು. ಅದಕ್ಕಿಂತ ಮುಖ್ಯ, ಅವರೆಲ್ಲ ಅಧ್ಯಯನಕ್ಕೆ ಸೇರುವಾಗ ಕುಡಿಯುತ್ತಿದ್ದವರು. ಮಾವ ಕುಡಿಯುತ್ತಿಲ್ಲ. ಅವರಿಗಿರುವುದು ಕುಡಿತ ಕಡಿಮೆ ಮಾಡುವ ಚಿಂತೆಯಲ್ಲ, ಕೈಯಲ್ಲಿರುವುದನ್ನು ಕಳೆದುಕೊಳ್ಳುವ ಭಯ.

ಈ ಭಯಕ್ಕೆ ಹತ್ತಿರವಾದ ಕಥೆ ಎರಡನೆಯ ಪುಸ್ತಕದಲ್ಲಿದೆ. ಎ.ಎ. ಸಂಸ್ಥೆಯೇ 1984ರಲ್ಲಿ ಪ್ರಕಟಿಸಿದ, ಸಹಸಂಸ್ಥಾಪಕ ಬಿಲ್ ವಿಲ್ಸನ್ ಅವರ ಜೀವನಚರಿತ್ರೆ ‘ಪಾಸ್ ಇಟ್ ಆನ್’. 1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿದ್ದಾಗ ಬಿಲ್‌ಗೆ ಕೋಣೆ ತುಂಬ ಬಿಳಿ ಬೆಳಕು ಕಂಡಿತು. ಆಮೇಲೆ ಅವರು ಕುಡಿಯಲಿಲ್ಲ. ಅಲ್ಲಿನ ಚಿಕಿತ್ಸೆಯಲ್ಲಿ, ಭ್ರಮೆ ಹುಟ್ಟಿಸಬಲ್ಲ ಬೆಲ್ಲಡೋನ ಎಂಬ ಗಿಡದ ಔಷಧವೂ ಇತ್ತು. ಸುಮಾರು 22 ವರ್ಷಗಳ ನಂತರ, 1956ರ ಆಗಸ್ಟ್‌ನಲ್ಲಿ, ಅವರು ಲಾಸ್ ಏಂಜಲೀಸ್‌ನಲ್ಲಿ ವೈದ್ಯರ ಎದುರಿನಲ್ಲೇ ಎಲ್‌ಎಸ್‌ಡಿ ತೆಗೆದುಕೊಂಡರು. ಆ ಹೊತ್ತಿಗೆ ಕೆನಡಾದಲ್ಲಿ ಹಂಫ್ರಿ ಆಸ್ಮಂಡ್, ಏಬ್ರಮ್ ಹಾಫರ್ ಮದ್ಯವ್ಯಸನಿಗಳಿಗೆ ಅದನ್ನು ಕೊಡುತ್ತಿದ್ದರು. ಕುಡಿತ ತರುವ ಸನ್ನಿಯ ಭಯಂಕರವನ್ನು ಮುಂಚೆಯೇ ತೋರಿಸಿ ಹೆದರಿಸಬಹುದೆಂದು ಹೊರಟಿದ್ದರು. ರೋಗಿಗಳು ಬೆಳಕಿನ ಕಥೆ ಹೇಳಿದರು.

ಬಿಲ್ ಇದನ್ನು ಮುಚ್ಚಿಡಲಿಲ್ಲ. ಹೆಂಡತಿ ಲೋಯಿಸ್, ಪಾದ್ರಿ ಗೆಳೆಯ ಎಡ್ ಡೌಲಿಂಗ್ ಕೂಡ ಅದನ್ನು ತೆಗೆದುಕೊಂಡರು. ಸುದ್ದಿ ಹಬ್ಬಿದಂತೆ ಎ.ಎ. ಒಳಗೆ ಅಸಮಾಧಾನ ಹುಟ್ಟಿತು. ಕೊನೆಗೆ ಬಿಲ್ ಹಿಂದೆ ಸರಿದರು. ಸಂಸ್ಥೆಯ ಪುಸ್ತಕವೇ ಇದನ್ನೆಲ್ಲ ಅಳಿಸದೆ ದಾಖಲಿಸಿರುವುದು ನನಗೆ ಮೆಚ್ಚುಗೆಯಾಯಿತು.

ಇನ್ನೂ ಮೆಚ್ಚುಗೆಯಾದದ್ದು ಹಳೆಯ ಒಂದು ತಿದ್ದುಪಡಿ. ಎ.ಎ.ಯ ಮೂಲ ಪುಸ್ತಕ ಬಂದದ್ದು 1939ರಲ್ಲಿ. ಬಿಲ್‌ನ ಬೆಳಕಿನ ಕಥೆ ಓದಿದವರು ತಮಗೂ ಹಾಗೆ ಮಿಂಚಬೇಕೆಂದು ಕಾಯತೊಡಗಿದರು. 1941ರ ಎರಡನೆಯ ಮುದ್ರಣಕ್ಕೆ ಅನುಬಂಧವೊಂದು ಸೇರಿತು: ಹೆಚ್ಚಿನವರಲ್ಲಿ ಬದಲಾವಣೆ ನಿಧಾನವಾಗಿ, ಕಲಿಕೆಯ ಹಾಗೆ ಬರುತ್ತದೆ ಎಂಬುದು ಅದರ ತಾತ್ಪರ್ಯ. ತನ್ನ ನಾಯಕನ ಅತ್ಯಂತ ಆಕರ್ಷಕ ದೃಶ್ಯವನ್ನು ಒಂದು ಸಮುದಾಯ ಹೀಗೆ ಹದ್ದುಬಸ್ತಿಗೆ ತಂದಿತು. ಇಂದಿನ ಸೈಕೆಡೆಲಿಕ್ ಬರವಣಿಗೆಗೆ ಬೇಕಾಗಿರುವುದು ಇಂಥ ಅನುಬಂಧ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕಿದೆ. ಈ ದರ್ಶನಗಳಿಗೆ ನಾವು ಥಟ್ಟನೆ ‘ಅನುಭಾವ’ ಅನ್ನುತ್ತೇವೆ. ಆದರೆ ಶರಣರ ಬಳಿ ಆ ಮಾತು ಒಂಟಿಯಾಗಿಲ್ಲ. ಅದರ ಜೊತೆಗೆ ಕಾಯಕವಿದೆ, ಶರಣರ ಸಂಗವಿದೆ. ಕಂಡದ್ದನ್ನು ನಾಲ್ಕು ಜನರ ನಡುವೆ ಮಾತಿಗೆ ತಂದು ಒರೆಗೆ ಹಚ್ಚಬೇಕು. ಆರು ಗಂಟೆಯ ದರ್ಶನಕ್ಕೆ ಆ ಹೆಸರು ಕೊಟ್ಟುಬಿಟ್ಟರೆ, ಮಾಡಬೇಕಾದ ಕೆಲಸವೆಲ್ಲ ಮುಗಿದಂತೆ ಕೇಳಿಸುತ್ತದೆ.

ಎಲ್‌ಎಸ್‌ಡಿಯಾಗಲಿ ಸಿಲೋಸೈಬಿನ್ ಆಗಲಿ ಹೆಂಡದ ಹಾಗೆ ದೇಹಕ್ಕೆ ಅಂಟಿಕೊಳ್ಳುವ ವಸ್ತುಗಳಲ್ಲ. ಮಾವನಂಥವರಿಗೆ ಅಪಾಯ ಇರುವುದು ಒಂದು ವಾಕ್ಯದಲ್ಲಿ: “ಇದು ಲೆಕ್ಕಕ್ಕಿಲ್ಲ.” ಕುಡಿಯುತ್ತಿದ್ದ ಕಾಲದಲ್ಲಿ ಹಬ್ಬದ ಬಿಯರಿಗೂ ಮದುವೆಮನೆಯ ಪೆಗ್ಗಿಗೂ ಅವರು ಹೇಳಿದ್ದು ಇದೇ ವಾಕ್ಯ. ಗುಟ್ಟಾಗಿ ಹೇಳಿಕೊಂಡಾಗ ಅದರ ಬಲ ಹೆಚ್ಚು. ಬೆಳಕು ಮಾಸಿದ ಮೇಲೆ ಬರುವ ನಿರಾಸೆಯನ್ನೂ ಅದೇ ವಾಕ್ಯ ಬಳಸಿಕೊಳ್ಳುತ್ತದೆ.

ವರ್ಷಗಳು ಆಸೆಯನ್ನು ಕೊಲ್ಲುವುದಿಲ್ಲ. ಸೂಸನ್ ಚೀವರ್ 2004ರಲ್ಲಿ ಬರೆದ ಬಿಲ್‌ನ ಜೀವನಚರಿತ್ರೆಯಲ್ಲಿ ದಾದಿಯರ ಟಿಪ್ಪಣಿಯ ಪ್ರಸ್ತಾಪವಿದೆ. 36 ವರ್ಷ ಕುಡಿಯದಿದ್ದ ಮನುಷ್ಯ ಸಾವಿನ ಹಾಸಿಗೆಯಲ್ಲಿ ವಿಸ್ಕಿ ಕೇಳಿದ್ದರು. ಯಾರೂ ಕೊಡಲಿಲ್ಲ. ಅದನ್ನು ಓದಿ ನನಗೆ ಬಿಲ್ ಸಣ್ಣವರಾಗಿ ಕಾಣಲಿಲ್ಲ. ಆ 36 ವರ್ಷಗಳ ಒಂದೊಂದು ದಿನದ ತೂಕ ಗೊತ್ತಾಯಿತು.

ಮಾವನಿಗೆ ಫೋನ್ ಮಾಡಿದೆ. ಇವು ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ವಸ್ತುಗಳು, ಯಾರೋ ಶಿಬಿರ ಅಂತ ಕರೆದರೆ ಹೋಗಬೇಡಿ ಅಂದೆ. ಮನಸ್ಸಿನ ಭಾರದ ವಿಷಯ ಡಾಕ್ಟರ ಹತ್ತಿರ ಹೇಳಿ, ಈ ಆಸೆ ಬಂದಿದ್ದನ್ನು ಸಭೆಯಲ್ಲೂ ಹೇಳಿ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಭೇಲಿ ಹೇಳೋದಕ್ಕೇ ಕಣೇ ನಾಚಿಕೆ ಆಗ್ತಿದ್ದಿದ್ದು,” ಅಂದರು.