ಐದು ತಾರೆಯ ಹೋಟೆಲಿನ ಇನ್ನೊಂದು ಲೆಕ್ಕ

ಸಿಡ್ನಿ, ಮೆಲ್ಬರ್ನ್‌ಗಳ ಹೋಟೆಲುಗಳಿಗೆ ಎರಡು ಬಗೆಯ ತಾರೆಗಳಿವೆ. ಒಂದು, ಹಾಸಿಗೆ, ಊಟ, ಉಪಚಾರಕ್ಕೆ ಸಿಗುವುದು. ಇನ್ನೊಂದು, ಕರೆಂಟು ಮತ್ತು ನೀರಿನ ಖರ್ಚು ನೋಡಿ ನೇಬರ್ಸ್ ಎಂಬ ಸರ್ಕಾರಿ ವ್ಯವಸ್ಥೆ ಕೊಡುವುದು. ಅಲ್ಲಿ ಆರು ತಾರೆ ಬಂದರೆ ಅತ್ಯುತ್ತಮ. ಮೊದಲನೆಯದರಲ್ಲಿ ಐದು ಗಿಟ್ಟಿಸಿದ ಹೋಟೆಲು ಎರಡನೆಯದರಲ್ಲಿ ಎರಡಕ್ಕೇ ನಿಂತಿರಬಹುದು. ರೂಮು ಬುಕ್ ಮಾಡುವವರು ಕೇಳುವುದು ಮೊದಲನೆಯದನ್ನು ಮಾತ್ರ.

ನೇಬರ್ಸ್‌ನ ಬೇರು 1998ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕಚೇರಿ ಕಟ್ಟಡಗಳಿಗೆಂದು ತಂದ ಅಳತೆಯಲ್ಲಿದೆ. ಹೋಟೆಲುಗಳು ಆಮೇಲೆ ಸೇರಿದವು. ಅದರ ದೊಡ್ಡ ಗುಣವೆಂದರೆ ಅದು ಭರವಸೆಗಳನ್ನು ಕೇಳುವುದಿಲ್ಲ, ಹನ್ನೆರಡು ತಿಂಗಳ ಬಿಲ್ಲು ಕೇಳುತ್ತದೆ. ರೂಮುಗಳೆಷ್ಟು, ಈಜುಕೊಳ ಇದೆಯೇ, ಬಟ್ಟೆ ಒಗೆಯುವುದು ಒಳಗೋ ಹೊರಗೋ ಎಂಬುದನ್ನೆಲ್ಲ ಗಣನೆಗೆ ತೆಗೆದುಕೊಂಡೇ ತಾರೆ ಎಣಿಸುತ್ತದೆ. ‘ಟವೆಲ್ ಮತ್ತೆ ಬಳಸಿ, ಭೂಮಿ ಉಳಿಸಿ’ ಎಂಬ ಚೀಟಿಯನ್ನು ಬಚ್ಚಲಲ್ಲಿಟ್ಟು ಕೈತೊಳೆದುಕೊಳ್ಳುವವರಿಗೆ ಇಲ್ಲಿ ಅಂಕ ಸಿಗದು.

ಆದರೆ 2010ರ ಆಸ್ಟ್ರೇಲಿಯಾದ ಕಾನೂನು ಇಂಥ ಅಳತೆಯನ್ನು ಬಹಿರಂಗಪಡಿಸಲು ಒತ್ತಾಯಿಸಿದ್ದು ದೊಡ್ಡ ಕಚೇರಿಗಳನ್ನು. ಹೋಟೆಲುಗಳಿಗೆ ಅದು ಐಚ್ಛಿಕವಾಗಿಯೇ ಉಳಿಯಿತು. ಸಿಡ್ನಿ ನಗರಾಡಳಿತ 2018ರಲ್ಲಿ ಹೋಟೆಲು, ಪ್ರವಾಸಿ ಸಂಸ್ಥೆಗಳನ್ನು ಒಂದು ಸಹಭಾಗಿತ್ವಕ್ಕೆ ಎಳೆತಂದಿತು. ಗಿರಾಕಿಗಳಿಗಾಗಿ ಪೈಪೋಟಿ ನಡೆಸುವವರು ಒಂದೇ ಮೇಜಿನ ಸುತ್ತ ಕೂತದ್ದು ಸಣ್ಣ ಮಾತಲ್ಲ. ಆದರೂ ಇಂಥ ಕೂಟಕ್ಕೆ ಬರುವವರು ಮನಸ್ಸಿದ್ದವರು. ಬಾರದವರ ಬಿಲ್ಲನ್ನು ನೋಡುವವರು ಯಾರು?

ನನ್ನ ಮುಖ್ಯ ತಕರಾರು ಬೇರೆ. ಹೋಟೆಲು ಹವಾಮಾನಕ್ಕೆ ಏನು ಮಾಡುತ್ತಿದೆ ಎಂಬುದನ್ನು ಈ ತಾರೆಗಳು ಹೇಳುತ್ತವೆ. ಹವಾಮಾನ ಹೋಟೆಲಿಗೆ ಏನು ಮಾಡಲಿದೆ ಎಂಬುದನ್ನು ಹೇಳುವುದಿಲ್ಲ. 2009ರ ಜನವರಿ ಕೊನೆಯಲ್ಲಿ ಮೆಲ್ಬರ್ನ್ ಸತತ ಮೂರು ದಿನ 43 ಡಿಗ್ರಿ ದಾಟಿತು. ರೈಲುಗಳು ರದ್ದಾದವು, ಲಕ್ಷಾಂತರ ಮನೆಗಳಿಗೆ ಕರೆಂಟು ಹೋಯಿತು. ಫೆಬ್ರವರಿ 7ರಂದು 46.4 ಡಿಗ್ರಿ. ಕಿಟಕಿ ತೆರೆಯಲಾಗದ ಗಾಜಿನ ಗೋಪುರದಲ್ಲಿ ಇಪ್ಪತ್ತನೇ ಮಹಡಿಯ ಅತಿಥಿಗೆ, ಎಸಿ ನಿಂತ ಆ ಹೊತ್ತಿನಲ್ಲಿ, ಬಾಗಿಲಿನ ತಾರೆಗಳಿಂದ ಏನು ಪ್ರಯೋಜನ? 2020ರ ಜನವರಿಯಲ್ಲಿ ಕಾಳ್ಗಿಚ್ಚಿನ ಹೊಗೆ ಮೆಲ್ಬರ್ನ್‌ನ ಟೆನಿಸ್ ಅಂಗಳಕ್ಕೇ ನುಗ್ಗಿ ಆಟಗಾರ್ತಿಯೊಬ್ಬಳು ಕೆಮ್ಮುತ್ತ ಪಂದ್ಯ ಬಿಟ್ಟಳು. ಹೊಗೆ ತಡೆಯುವ ಫಿಲ್ಟರು ಎಷ್ಟು ರೂಮುಗಳಿಗಿದೆ ಎಂದು ಹೇಳುವ ತಾರೆ ಇಲ್ಲ. ಸುಡುಬಿಸಿಲಲ್ಲಿ ಹಾಸಿಗೆ ಬದಲಿಸುವ, ಅಡುಗೆಮನೆಯಲ್ಲಿ ಬೇಯುವ ಕೆಲಸಗಾರರ ಲೆಕ್ಕವಂತೂ ಎಲ್ಲಿಯೂ ಇಲ್ಲ.

ಉಪಾಯ ಗೊತ್ತಿಲ್ಲವೆಂದಲ್ಲ. ಮೆಲ್ಬರ್ನ್ ನಗರಾಡಳಿತದ ಕೌನ್ಸಿಲ್ ಹೌಸ್ 2 ಕಟ್ಟಡದಲ್ಲಿ 2006ರಿಂದಲೂ ರಾತ್ರಿ ಕಿಟಕಿಗಳು ತಾವಾಗಿ ತೆರೆದು ತಂಪು ಗಾಳಿಯಿಂದ ಕಾಂಕ್ರೀಟ್ ಚಾವಣಿಯ ಬಿಸಿ ಇಳಿಸುತ್ತವೆ. ಸಿಡ್ನಿಯ ಒಪೇರಾ ಹೌಸ್ 1973ರಿಂದ ಬಂದರಿನ ಸಮುದ್ರದ ನೀರನ್ನೇ ತಂಪಿಗೆ ಬಳಸುತ್ತಿದೆ. ಬೀದಿಗಳ ಮರದ ನೆರಳನ್ನು 2040ರ ಹೊತ್ತಿಗೆ ಶೇಕಡ 22ರಿಂದ 40ಕ್ಕೆ ಏರಿಸುವ ಗುರಿಯನ್ನು ಮೆಲ್ಬರ್ನ್ 2012ರಲ್ಲೇ ಹಾಕಿಕೊಂಡಿತು. ಇವೆಲ್ಲ ಸಾರ್ವಜನಿಕ ಹಣದ ಕೆಲಸಗಳು. ಖಾಸಗಿ ಹೋಟೆಲಿನ ಯಜಮಾನ ಹಣ ಹಾಕುವುದು ಬಿಲ್ಲು ಇಳಿಸುವ ಕಡೆಗೆ, ಏಕೆಂದರೆ ಅದು ವರ್ಷದೊಳಗೆ ಕಾಣುತ್ತದೆ; ಹತ್ತು ವರ್ಷಕ್ಕೊಮ್ಮೆ ಬರುವ ಮೂರು ದಿನಗಳಿಗಾಗಿ ಗೋಡೆ ದಪ್ಪ ಮಾಡುವುದಿಲ್ಲ.

ಯಜಮಾನನ ಮನಸ್ಸಿಗೆ ಬಿಡದೆ ಕಡ್ಡಾಯ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. 2024ರ ಮಾರ್ಚಿನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಹೋಟೆಲು, ಮಾಲುಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಕಡ್ಡಾಯ ಮಾಡಿತು. ಸಿಡ್ನಿಗೆ ಬೇಕಾದದ್ದು ಆ ಕಡ್ಡಾಯ. ನಮಗೆ ಬೇಕಾದದ್ದು ಸಿಡ್ನಿಯ ಹನ್ನೆರಡು ತಿಂಗಳ ಬಿಲ್ಲು. ಜೊತೆಗೆ ಎರಡೂ ಕಡೆ ತಾರೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಇರಲಿ: ಕರೆಂಟು ಹೋದ ಮೇಲೆ ಈ ರೂಮು ಎಷ್ಟು ಗಂಟೆ ಮನುಷ್ಯರು ಇರುವಂತಿರುತ್ತದೆ?