ತೋಶೋಗು ನೋಡುವ ಬಗೆ

ಜಪಾನಿನ ನಿಕ್ಕೋದಲ್ಲಿರುವ ತೋಶೋಗು ದೇಗುಲ ಮೊದಲ ನೋಟಕ್ಕೆ ಅತಿಯೆನಿಸಬಹುದು. ಎಲ್ಲೆಲ್ಲೂ ಚಿನ್ನ, ಬಣ್ಣ, ಸಂದುಗೊಂದಿಗೂ ಕೆತ್ತನೆ. ಜರ್ಮನಿಯ ವಾಸ್ತುಶಿಲ್ಪಿ ಬ್ರೂನೋ ಟೌಟ್ ಕ್ಯೋಟೋದ ಕತ್ಸುರಾ ಅರಮನೆಯ ಸರಳತೆಗೆ ಮನಸೋತು ಇದನ್ನು ಹೀಗಳೆದ. ಅವನ ಮಾತಿಗೆ ಮರುಳಾಗಬೇಡಿ. ಈ ವೈಭವ ಏಕೆ ಹುಟ್ಟಿತೆಂದು ತಿಳಿದರೆ ನೋಟವೇ ಬದಲಾಗುತ್ತದೆ.

ಜಪಾನನ್ನು ಆಳಿದ ಶೋಗುನ್ (ಸೇನಾಧಿಪತಿ) ತೊಕುಗಾವಾ ಇಯೆಯಾಸು 1616ರಲ್ಲಿ ತೀರಿಕೊಂಡ. ಕುನೋಜಾನ್ ಬೆಟ್ಟದಲ್ಲಿ ಹೂಳಿ, ವರ್ಷ ಕಳೆದ ಮೇಲೆ ನಿಕ್ಕೋದಲ್ಲಿ ಪುಟ್ಟ ಗುಡಿ ಕಟ್ಟಿ ಎಂದಷ್ಟೇ ಅವನು ಹೇಳಿದ್ದ. 1617ರಲ್ಲಿ ಹಾಗೆಯೇ ಇಲ್ಲಿ ಗುಡಿ ಎದ್ದಿತು. ಅದನ್ನು ಇಂದಿನ ರೂಪಕ್ಕೆ ತಂದವನು ಮೊಮ್ಮಗ ಇಯೆಮಿತ್ಸು, 1634ರಿಂದ 1636ರೊಳಗೆ. ತಾತನ ಮೇಲಿನ ಭಕ್ತಿ, ತನ್ನ ಮನೆತನದ ಅಧಿಕಾರದ ಮೆರೆಸುವಿಕೆ, ಎರಡೂ ಇಲ್ಲಿ ಬೆರೆತಿವೆ.

ಒಳಗೆ ಕಾಲಿಟ್ಟೊಡನೆ ಯೋಮೆಯಿಮೊನ್ ಮಹಾದ್ವಾರದತ್ತ ಧಾವಿಸಬೇಡಿ. ಮೊದಲು ಬಣ್ಣ ಬಳಿಯದ ಕುದುರೆ ಲಾಯದ ಮುಂದೆ ನಿಲ್ಲಿ. ಕೆಟ್ಟದ್ದನ್ನು ನೋಡದ, ಕೇಳದ, ಆಡದ ಮೂರು ಕೋತಿಗಳು ಇಲ್ಲಿಯವೇ. ಆದರೆ ಅವು ಎಂಟು ಫಲಕಗಳಲ್ಲಿ ಸಾಗುವ ಬಾಳಿನ ಕಥೆಯ ಒಂದು ತುಣುಕು ಮಾತ್ರ. ಮೊದಲ ಫಲಕದಲ್ಲಿ ತಾಯಿ ಹಣೆಗೆ ಕೈಯಿಟ್ಟು ದೂರ ನೋಡುತ್ತಿದ್ದಾಳೆ, ಮಗು ಅವಳ ಮುಖ ನೋಡುತ್ತಿದೆ. ನನಗೆ ಹೆಚ್ಚು ಇಷ್ಟ ಅದೇ.

ಹತ್ತಿರದ ಉಗ್ರಾಣದ ಮೇಲಿನ ಆನೆಗಳು ನಮ್ಮವರ ಕಣ್ಣಿಗೆ ಬೇಗ ಬೀಳುತ್ತವೆ. ಅವುಗಳ ಮೂಲಚಿತ್ರ ಬರೆದ ಕಾನೋ ತನ್ಯೂ ಆನೆಯನ್ನು ಕಂಡವನಲ್ಲ. ಕೇಳಿದ್ದನ್ನು ನೆಚ್ಚಿ ಕಲ್ಪಿಸಿದ. ದಸರೆಯ ಆನೆ ಕಂಡವರಿಗೆ ಕಿವಿ, ಬಾಲಗಳ ವ್ಯತ್ಯಾಸ ಕೂಡಲೇ ಹೊಳೆಯುತ್ತದೆ. ಕಲ್ಪನೆಯ ಆ ಧೈರ್ಯ ಮೆಚ್ಚತಕ್ಕದ್ದು.

ಈಗ ಮಹಾದ್ವಾರ. ಐನೂರಕ್ಕೂ ಹೆಚ್ಚು ಕೆತ್ತನೆಗಳನ್ನು ಒಮ್ಮೆಲೇ ನೋಡಹೊರಟರೆ ತಲೆ ಸುತ್ತುತ್ತದೆ. ಬಿಳಿಯ ಕಂಬಗಳನ್ನಷ್ಟೇ ಹಿಡಿದುಕೊಳ್ಳಿ. ಹನ್ನೆರಡರಲ್ಲಿ ಒಂದರ ಸುರುಳಿ ವಿನ್ಯಾಸ ತಲೆಕೆಳಗು. ಬೇಕೆಂದೇ ಮಾಡಿದ್ದು: ಪೂರ್ತಿಯಾದದ್ದಕ್ಕೆ ಅಂದಿನಿಂದಲೇ ಕ್ಷಯ ಎಂಬ ನಂಬಿಕೆ.

ಮಲಗಿದ ಬೆಕ್ಕಿನ ಕೆತ್ತನೆ ದಾಟಿದರೆ 207 ಮೆಟ್ಟಿಲು. ಮೇಲೆ ಜಪಾನಿ ಸೀಡರ್ ಮರಗಳ ನಡುವೆ ಇಯೆಯಾಸುವಿನ ಸಮಾಧಿ, ಬಣ್ಣವಿಲ್ಲದ ಕಂಚು. ಹತ್ತುವುದು ಕಷ್ಟವೆಂದು ತಪ್ಪಿಸಬೇಡಿ. ಕೆಳಗಿನ ಚಿನ್ನವೆಲ್ಲ ಅರ್ಥವಾಗುವುದು ಇಲ್ಲಿ ನಿಂತಾಗಲೇ.

ಅಂದೇ ಪಕ್ಕದ ತೈಯೂಯಿನ್‌ಗೂ ಹೋಗಿ. 1651ರಲ್ಲಿ ತೀರಿಕೊಂಡ ಇಯೆಮಿತ್ಸುವಿನ ಸಮಾಧಿ ಅಲ್ಲಿದೆ. ತಾತನದನ್ನು ಮೀರಬಾರದೆಂದು ಅಲ್ಲಿ ಬಣ್ಣ ತಗ್ಗಿಸಿದ್ದಾರೆ, ಕಪ್ಪು ಮತ್ತು ಚಿನ್ನವೇ ಹೆಚ್ಚು.